ಎಮ್ಮೆ ಚಿತ್ರದ ನಾಲ್ಕನೇ ಪುಟ

೭೮೬

ಆರ್.ಟಿ. ನಗರ
೪ ಆಗಸ್ಟ್ ೨೦೨೫

ಮಾನ್ಯ ಶ್ರೀ ಬ್ಯಾಟರಾಯಪ್ಪನವರಿಗೆ ಗಯಾಸ್ ಮಾಡುವ ಸಲಾಮು.

ನಾನು ತಮ್ಮನ್ನು 'ತಾವು' ಎಂದು ಕರೆಯುತ್ತಿರುವುದಕ್ಕೆ ಗಾಬರಿಯಾಗಬೇಡಿ. ಇಪ್ಪತ್ತೆಂಟು ವರ್ಷ ಯಲಹಂಕದ ಹಳೇ ಪೇಟೆಯ ಒಂದೇ ಸ್ಟುಡಿಯೋದಲ್ಲಿ, ಒಂದೇ ಫ್ಯಾನಿನ ಕೆಳಗೆ, ಒಂದು ಟೀಯನ್ನು ಎರಡು ಲೋಟಕ್ಕೆ ಹಂಚಿಕೊಂಡು ಕುಡಿದವರು ನಾವು. ಆಗ ತಾವು ನನಗೆ ಬರೀ 'ಬ್ಯಾಟ' ಆಗಿದ್ದಿರಿ. ಈಗ ತಾವು ದೊಡ್ಡ ಮನುಷ್ಯರು. ಈ ಸಂಗತಿ ನನಗೆ ತಿಳಿದದ್ದು ನಿನ್ನೆ, ಯಲಹಂಕದ ಹೊಸ ಅಪಾರ್ಟ್‌ಮೆಂಟ್ 'ಸಾರಸ ಸರೋವರ'ದ ಲಾಬಿಯಲ್ಲಿ. ನೆಂಟರೊಬ್ಬರ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಅಲ್ಲಿ ಸಾರಸವೂ ಇಲ್ಲ, ಸರೋವರವೂ ಇಲ್ಲ. ಆದರೆ ಲಿಫ್ಟಿನ ಪಕ್ಕದ ಗೋಡೆಯಲ್ಲಿ ಆರಡಿ ಅಗಲದ ನಮ್ಮ ಎಮ್ಮೆ ಇದೆ.

ನಮ್ಮ ಎಮ್ಮೆ ಎಂದೆ. ಕ್ಷಮಿಸಬೇಕು, ತಮ್ಮ ಎಮ್ಮೆ. ಯಾಕೆಂದರೆ ಕೆಳಗೆ ಹಿತ್ತಾಳೆಯ ಫಲಕದಲ್ಲಿ 'ಹೆಸರಘಟ್ಟ ಕೆರೆ, ೧೯೯೩. ಛಾಯಾಗ್ರಹಣ: ಬ್ಯಾಟರಾಯಪ್ಪ' ಎಂದು ಕೆತ್ತಿದ್ದಾರೆ. ನಾನು ಆ ಫಲಕವನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದೆ. ಎರಡು ಸಲವೂ ಹೆಸರು ಅದೇ ಇತ್ತು.

ಎಮ್ಮೆಯ ಬೆನ್ನಿನಿಂದ ಬೆಳ್ಳಕ್ಕಿ ಹಾರುವ ಆ ಒಂದು ಗಳಿಗೆಯಿಂದಲೇ ನಮ್ಮ ಜಿ.ಬಿ. ಸ್ಟುಡಿಯೋವನ್ನು ಊರೆಲ್ಲ 'ಎಮ್ಮೆ ಸ್ಟುಡಿಯೋ' ಎಂದು ಕರೆಯಿತು. ಮದುಮಕ್ಕಳು ಕೂಡ "ಎಮ್ಮೆ ಸ್ಟುಡಿಯೋದಲ್ಲಿ ತೆಗೆಸ್ಕೊಂಡ್ವಿ" ಎಂದು ನಾಚಿಕೆಯಿಲ್ಲದೆ ಹೇಳುತ್ತಿದ್ದರು. ಆ ಚಿತ್ರಕ್ಕಾಗಿ ಮೊಣಕಾಲುದ್ದ ನೀರಿನಲ್ಲಿ ಮೂರು ಗಂಟೆ ನಿಂತವನು ಯಾರು? ಜಿಗಣೆ ಕಚ್ಚಿದರೂ ಅಲುಗದೆ ಇದ್ದವನು ಯಾರು? ಈ ಕಥೆಯನ್ನು ನಾನು ತಮ್ಮ ಮಗಳ ಮದುವೆಯಲ್ಲೇ ಹೇಳಿದ್ದೆ. ತಾವು ಪಕ್ಕದಲ್ಲೇ ಕೂತು ಪಾಯಸ ಕುಡಿಯುತ್ತಿದ್ದಿರಿ.

ಆದ್ದರಿಂದ ಒಂದು ವಿನಂತಿ. ಸ್ಟುಡಿಯೋ ಮುಚ್ಚಿದ ದಿನ ನೆಗೆಟಿವ್ ತುಂಡುಗಳನ್ನು ಇಸ್ಪೀಟ್ ಎಲೆಯ ಹಾಗೆ ಒಂದು ನಿನಗೆ, ಒಂದು ನನಗೆ ಎಂದು ಹಂಚಿಕೊಂಡೆವಲ್ಲ, ಆಗ ಎಮ್ಮೆಯ ತುಂಡು ತಮ್ಮ ಪಾಲಿಗೆ ಬಂತು. ಅದರ ಪೂರ್ತಿ ಚೌಕ ನನಗೆ ಕಾಣಬೇಕು. ಕೆಳಗಿನ ಕಾಲು ಭಾಗವನ್ನು ನಾವು ಯಾವ ಪ್ರಿಂಟಿನಲ್ಲೂ ತೋರಿಸಿಲ್ಲ; ತಾವೇ ಡಾರ್ಕ್‌ರೂಮಿನಲ್ಲಿ ಕತ್ತರಿಸುತ್ತಿದ್ದಿರಿ. ಅಲ್ಲಿ ಕ್ಯಾಮೆರಾ ಹಿಡಿದವನ ನೆರಳು ಬಿದ್ದಿರಲೇಬೇಕು. ಆವತ್ತು ನಾನು ಟೋಪಿ ಹಾಕಿದ್ದೆ, ತಮ್ಮದು ಬರೀ ತಲೆ. ಟೋಪಿಯ ನೆರಳು ಸುಳ್ಳು ಹೇಳುವುದಿಲ್ಲ.

ತಮ್ಮ ಕೈಯ ಪ್ರಿಂಟು ಮಾತ್ರ ಬೇಡ. ಊರಿನ ಮೊಡವೆಗಳನ್ನೆಲ್ಲ ಪೆನ್ಸಿಲ್ಲಿನಲ್ಲಿ ಅಳಿಸಿದವರು, ಮದುವೆಗೆ ಬಾರದ ಸೋದರಮಾವನನ್ನು ಗ್ರೂಪ್ ಫೋಟೋದಲ್ಲಿ ತಂದು ನಿಲ್ಲಿಸಿದವರು ತಾವು. ಅಂಥವರ ಕೈಗೆ ನನ್ನ ಟೋಪಿಯ ನೆರಳು ಯಾವ ಲೆಕ್ಕ?

ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿನ್ನೆ ಆ ಲಾಬಿಯಲ್ಲಿ ನಿಂತೇ ತಮ್ಮ ನಂಬರನ್ನು ಬ್ಲಾಕ್ ಮಾಡಿಬಿಟ್ಟೆ. ಅದನ್ನು ತೆಗೆಯುವುದು ಹೇಗೆಂದು ನನಗೆ ಗೊತ್ತಿಲ್ಲ. ಮಗಳು ಜಬೀನಳನ್ನು ಕೇಳಿದರೆ ಯಾಕೆ ಎಂದು ಕೇಳುತ್ತಾಳೆ. ಹಾಗಾಗಿ ಅಂಚೆ.

ಇತಿ, ತಮ್ಮ ಮಾಜಿ ಪಾಲುದಾರ,
ಗಯಾಸ್

*

ಶ್ರೀ

ಯಲಹಂಕ ಹಳೇ ಪೇಟೆ
೧೩ ಆಗಸ್ಟ್ ೨೦೨೫

ಗಯಾಸು,

ನಿನ್ನ ಕಾಗದ ಬರಲು ಆರು ದಿನ ಹಿಡಿಯಿತು. ಹೆಬ್ಬಾಳದ ಫ್ಲೈಓವರಿನಲ್ಲಿ ಅದೂ ನಿಂತಿತ್ತೋ ಏನೋ. ಕೃಷ್ಣಮ್ಮ ಒಡೆದು ಓದಿದಳು. "ನಿಮ್ಮನ್ನ ತಾವು ಅಂತ ಬರ್ದವ್ರೆ, ಯಾರೋ ತೀರ್ಕೊಂಡಿರ್ಬೇಕು" ಅಂದಳು. ಅವಳ ಗಂಡನಾದ ನನ್ನನ್ನು ಅವಳೇ ಹಾಗೆ ಕರೆದದ್ದಿಲ್ಲ.

ಹೆಸರಿನ ವಿಷಯ: ಅಪಾರ್ಟ್‌ಮೆಂಟಿನವರು ಹಳೆಯ ಯಲಹಂಕದ ಚಿತ್ರ ಕೇಳಿಕೊಂಡು ಬಂದಿದ್ದರು. ಒಂದು ಫಾರಂ ಕೊಟ್ಟರು. ಅದರಲ್ಲಿ 'ತೆಗೆದವರು' ಅಂತ ಒಂದು ಗೆರೆ ಇತ್ತು. ಬರೆದೆ.

ನೀನು ಕೇಳಿದ್ದನ್ನು ಕಳಿಸುತ್ತಿದ್ದೇನೆ. ಇಲ್ಲಿ ಗ್ರಂಥಾಲಯದಲ್ಲಿ ಅರವತ್ತು ದಾಟಿದವರಿಗೆ ಕಂಪ್ಯೂಟರ್ ಪಾಠ ನಡೆಯುತ್ತದೆ. ಪ್ರತಿಭಾ ಮೇಡಮ್ ಅಂತ, ಇಪ್ಪತ್ನಾಲ್ಕು ವರ್ಷದ ಹುಡುಗಿ, ನಮ್ಮ ಹನ್ನೊಂದು ಜನಕ್ಕೂ ಹೆದರುವುದಿಲ್ಲ. ನೆಗೆಟಿವನ್ನು ಸ್ಕ್ಯಾನ್ ಮಾಡಿಸಿದೆ. ಆಮೇಲೆ ಒಂದು ವೆಬ್ ಪೇಜನ್ನು ನಾನೇ ಮಾಡಿದೆ. ಬಟನ್ ಒತ್ತಿ ಫೈಲು ಆರಿಸಿದರೆ ಚಿತ್ರ ಪುಟದಲ್ಲಿ ಎದ್ದು ಬರುತ್ತದೆ. ಹಳೆಯ ಕಾಲದಲ್ಲಿ ಡೆವಲಪರ್ ತಟ್ಟೆಯಲ್ಲಿ ಕಾಗದದ ಮೇಲೆ ಮುಖ ಮೂಡುತ್ತಿತ್ತಲ್ಲ, ಅಷ್ಟೇ ಖುಷಿಯಾಯಿತು. ಕೈ ವಾಸನೆ ಬರಲಿಲ್ಲ, ಅದೊಂದೇ ವ್ಯತ್ಯಾಸ.

ಚಿತ್ರ ಇರುವ ವಿಳಾಸ ಕೆಳಗೆ ಬರೆದಿದ್ದೇನೆ. ಶುರುವಿನಲ್ಲಿ ಬ್ಲಾಬ್ ಅಂತ ಇದೆ. ಕೊನೆಯಲ್ಲಿ ಮೂವತ್ತೆರಡು ಅಕ್ಷರ-ಅಂಕಿ, ನಡುವೆ ನಾಲ್ಕು ಗೀಟು. ಭೂತಗನ್ನಡಿ ಹಿಡಿದು ಮೂರು ಸಲ ತಾಳೆ ನೋಡಿದ್ದೇನೆ. ಜಬೀನ್ ಕಂಪ್ಯೂಟರಿನಲ್ಲಿ ಹಾಕಿ ನೋಡು.

ಬ್ಯಾಟರಾಯಪ್ಪ

*

೭೮೬

ಆರ್.ಟಿ. ನಗರ
೨೩ ಆಗಸ್ಟ್ ೨೦೨೫

ಗಣಕಯಂತ್ರ ಪ್ರವೀಣರೂ ಸರಳ ಸಜ್ಜನರೂ ಆದ ಬ್ಯಾಟರಾಯಪ್ಪನವರಿಗೆ,

ತಮ್ಮ ಮೂವತ್ತೆರಡು ಅಕ್ಷರಗಳನ್ನೂ ನಾಲ್ಕು ಗೀಟುಗಳನ್ನೂ ಭಯಭಕ್ತಿಯಿಂದ ಟೈಪ್ ಮಾಡಿದೆ. ಖಾಲಿ ಪುಟ ಬಂತು. ನನ್ನದೇ ತಪ್ಪಿರಬಹುದೆಂದು ಎರಡನೇ ಸಲ ಮಾಡಿದೆ, ಮತ್ತೆ ಖಾಲಿ. ಮೂರನೇ ಸಲ ಮಾಡುವಾಗ ಜಬೀನ್ ಶಾಲೆಯಿಂದ ಬಂದಳು. ಅವಳು ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವವಳು. ತಪ್ಪುಗಳನ್ನು ದೂರದಿಂದಲೇ ಗುರುತಿಸುತ್ತಾಳೆ.

"ಕ್ಯಾ ಅಬ್ಬಾ, ಇದು ಎಲ್ಲಿ ಸಿಕ್ತು ನಿಮಗೆ?"

"ಅಂಚೇಲಿ ಬಂತು."

ಅವಳು ಕಾಗದ ನೋಡಿದಳು, ನನ್ನನ್ನು ನೋಡಿದಳು, ಕುರ್ಚಿ ಎಳೆದುಕೊಂಡು ಕೂತು ನಕ್ಕಳು. ನಗು ಮುಗಿದ ಮೇಲೆ ಹೇಳಿದಳು: "ಬ್ಲಾಬ್ ಅಡ್ರೆಸ್ನ ಯಾರಾದ್ರೂ ಕೈಯಲ್ಲಿ ಬರ್ದು ಪೋಸ್ಟ್ ಮಾಡ್ತಾರಾ? ಇದು ಬ್ಯಾಟಣ್ಣನ ಕಂಪ್ಯೂಟರಲ್ಲಿ, ಅವರು ತೆಗೆದಿದ್ದ ಆ ಒಂದು ಪೇಜಲ್ಲಿ ಮಾತ್ರ ನಡಿಯೋ ಅಡ್ರೆಸ್ಸು. ಫೋಟೋ ಎಲ್ಲೂ ಹೋಗಿಲ್ಲ, ಅವರ ಬ್ರೌಸರ್ ಒಳಗೇ ಇತ್ತು. ಪೇಜ್ ಮುಚ್ಚಿದ್ ತಕ್ಷಣ ಅಡ್ರೆಸ್ಸೂ ಸತ್ತೋಯ್ತು."

ಎಷ್ಟು ಚೆನ್ನಾಗಿದೆ ನೋಡಿ. ತಾವು ಒಳಗೋಣೆಯಲ್ಲಿ ಕೂತು, ಬಾಗಿಲಿಗೆ ಚಿಲಕ ಹಾಕಿಕೊಂಡು, 'ಬಾ ಗಯಾಸು, ಎಡಮೂಲೆಯಲ್ಲಿ ಇದ್ದೇನೆ' ಎಂದು ಬರೆದಿದ್ದೀರಿ. ವಿಳಾಸ ಸರಿಯಾಗಿದೆ, ಗೀಟುಗಳೂ ಸರಿಯಾಗಿವೆ. ಬಾಗಿಲು ಮಾತ್ರ ಹೊರಗಿನವರಿಗೆ ತೆರೆಯುವುದಿಲ್ಲ. ತೋರಿಸಿದ ಹಾಗೂ ಆಯಿತು, ತೋರಿಸದ ಹಾಗೂ ಆಯಿತು. ಇದನ್ನು ಗೊತ್ತಿಲ್ಲದೆ ಮಾಡಿದಿರೆಂದು ಜಬೀನ್ ಹೇಳುತ್ತಾಳೆ. ಅವಳು ತಮ್ಮ ಜೊತೆ ಇಪ್ಪತ್ತೆಂಟು ವರ್ಷ ಕೆಲಸ ಮಾಡಿಲ್ಲ.

ಪೂರ್ತಿ ಚೌಕ ಬೇಕು. ಫಾರಂನಲ್ಲಿ ಗೆರೆ ಇತ್ತು, ಬರೆದೆ ಎಂದಿರಲ್ಲ, ಆ ವಾಕ್ಯವನ್ನು ನಾನು ತುಂಬಾ ಸಲ ಓದಿದ್ದೇನೆ. ಗೆರೆ ಉದ್ದ ಸಾಲಲಿಲ್ಲವೇ? ಇಬ್ಬರ ಹೆಸರು ಹಿಡಿಯುತ್ತಿರಲಿಲ್ಲವೇ?

ಇತಿ,
ಗಯಾಸ್

*

ಶ್ರೀ

ಯಲಹಂಕ ಹಳೇ ಪೇಟೆ
೯ ಸೆಪ್ಟೆಂಬರ್ ೨೦೨೫

ಗಯಾಸು,

ತಪ್ಪಾಯಿತು. ನನ್ನ ಯಂತ್ರದಲ್ಲಿ ಕಾಣುತ್ತಿತ್ತು, ಹಾಗಾಗಿ ಎಲ್ಲರಿಗೂ ಕಾಣುತ್ತದೆ ಅಂದುಕೊಂಡೆ. ಪ್ರತಿಭಾ ಮೇಡಮ್ ನಿನ್ನ ಮಗಳಿಗಿಂತ ಜಾಸ್ತಿ ನಕ್ಕರು. "ಸರ್, ಮೊಬೈಲಲ್ಲಿ ಕಳಿಸಿಬಿಡಿ" ಅಂದರು. ಅವನು ಬ್ಲಾಕ್ ಮಾಡಿದ್ದಾನೆ ಅಂದೆ. "ಪೆನ್‌ಡ್ರೈವ್?" ಅಂದರು. ನಾನು ಕೊಟ್ಟ ಫೈಲನ್ನು ಅವನು ನಂಬುವುದಿಲ್ಲ, ನಾನು ತಿದ್ದುವವನು ಅಂದೆ. "ಹಾಗಾದ್ರೆ ಕಾಗದದಲ್ಲೇ ಕಳಿಸಿ ಸರ್" ಅಂದರು.

ಕಂಪ್ಯೂಟರಿಗೆ ಚಿತ್ರವೆಂದರೆ ಬರೀ ಸೊನ್ನೆ ಮತ್ತು ಒಂದರ ರಾಶಿಯಂತೆ. ಆ ರಾಶಿಯನ್ನು ಅರವತ್ನಾಲ್ಕು ಗುರುತುಗಳಲ್ಲಿ ಅಕ್ಷರವಾಗಿ ಬರೆಯಬಹುದಂತೆ. ಆ ಅಕ್ಷರಗಳನ್ನು ಇನ್ನೊಬ್ಬರು ತಮ್ಮ ಪುಟದಲ್ಲಿ ಟೈಪ್ ಮಾಡಿದರೆ ಅವರ ಮುಂದೆ ಅದೇ ಚಿತ್ರ ಏಳುತ್ತದಂತೆ. ಚಿತ್ರವನ್ನು ಪಾಸ್‌ಪೋರ್ಟ್ ಫೋಟೋದಷ್ಟು ಚಿಕ್ಕದು ಮಾಡಿ, ಹಾಗೆ ಬರೆಸಿ, ಪ್ರಿಂಟ್ ತೆಗೆದು ಇದರೊಳಗೆ ಇಟ್ಟಿದ್ದೇನೆ. ಮೂರು ಪುಟ.

ಓರೆಗೆರೆ, ಒಂಬತ್ತು, ಜೆ, ಮತ್ತೆ ಓರೆಗೆರೆ. ಇಂಥ ಫೋಟೋ ಯಾವುದಾದರೂ ಶುರುವಾಗುವುದು ಹೀಗೇ ಅಂತೆ. ನಾನು ಕಾಗದದ ತಲೆಗೆ ಶ್ರೀ ಬರೆಯುವ ಹಾಗೆ, ನೀನು ೭೮೬ ಬರೆಯುವ ಹಾಗೆ.

ಇನ್ನೊಂದು ಮಾತು. ನನಗೆ ಬರುವುದು ಪೆನ್ಸಿಲ್ಲು ಮತ್ತು ಕುಂಚ. ಇಲ್ಲಿ ಒಂದು ಅಕ್ಷರ ಬದಲಿಸಿ ನೋಡಿದೆ, ಎಮ್ಮೆಯ ಹೊಟ್ಟೆ ಪಟ್ಟೆಪಟ್ಟೆಯಾಗಿ ಹರಿದುಹೋಯಿತು. ಹಾಗಾಗಿ ಮುಟ್ಟಿಲ್ಲ. ಮುಟ್ಟಲು ಬರುವುದಿಲ್ಲ.

ಬ್ಯಾಟ

*

೭೮೬

ಆರ್.ಟಿ. ನಗರ
೨೯ ಸೆಪ್ಟೆಂಬರ್ ೨೦೨೫

ಶ್ರೀಯುತರೇ,

ನಾನು ೧೯೭೯ರಲ್ಲಿ ಟೈಪಿಂಗ್ ಜೂನಿಯರ್ ಪಾಸು ಮಾಡಿದವನು. ಆಗ ಪರೀಕ್ಷೆಗೆ ಕೊಟ್ಟದ್ದು ಜಿಲ್ಲಾಧಿಕಾರಿಗಳ ಸುತ್ತೋಲೆ. ತಮ್ಮ ಎಮ್ಮೆಯ ಮುಂದೆ ಆ ಸುತ್ತೋಲೆ ಲಾಲಿಹಾಡು. ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ಅಂಕಿ, ಕೂಡುವ ಗುರುತು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಎಲ್ಲೂ ಉಸಿರಾಡಲು ಜಾಗವಿಲ್ಲ. ಸೊಸೈಟಿ ಮೀಟಿಂಗಿನಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡಿದ ಹಾಗೆ. ಜಬೀನ್ ಒಂದು ಪುಟ ಮಾಡಿಕೊಟ್ಟಳು: ಮೇಲೆ ಟೈಪ್ ಮಾಡಲು ಪೆಟ್ಟಿಗೆ, ಕೆಳಗೆ ಒಂದು ಬಟನ್, ಹಿಂದೆ ನಾಲ್ಕೈದು ಸಾಲಿನ ಸ್ಕ್ರಿಪ್ಟು. "ಫೋನಲ್ಲಿ ಫೋಟೋ ಹೊಡ್ದು ಅಕ್ಷರ ತೆಗೀತೀನಿ ಬಿಡಿ ಅಬ್ಬಾ" ಎಂದಳು. ತೆಗೆದಳು. ಫೋನು ನೂರು ಕಡೆ ತಪ್ಪು ಓದಿತು. ಕೊನೆಗೆ ನಾನೇ ಕೂತೆ. ಐದು ದಿನ, ದಿನಕ್ಕೆ ಇಪ್ಪತ್ತು ಸಾಲು, ಸ್ಕೇಲು ಇಟ್ಟುಕೊಂಡು.

ಮೊದಲನೆಯ ಪುಟ ಮುಗಿಸಿ ಬಟನ್ ಒತ್ತಿದಾಗ ಆಕಾಶ ಬಂತು, ಬೆಳ್ಳಕ್ಕಿಯ ರೆಕ್ಕೆ ಬಂತು. ಸುಳ್ಳು ಹೇಳುವುದಿಲ್ಲ, ಕುರ್ಚಿ ಇನ್ನಷ್ಟು ಮುಂದೆ ಎಳೆದುಕೊಂಡೆ. ಎರಡನೆಯದಕ್ಕೆ ಎಮ್ಮೆಯ ಮುಖ; ಸಾಲ ಕೇಳಲು ಬಂದವನನ್ನು ನೋಡುವ ಹಾಗೆ ನೋಡುತ್ತದಲ್ಲ, ಅದೇ ಮುಖ. ಮೂರನೆಯದಕ್ಕೆ ಎಮ್ಮೆಯ ಕಾಲು, ನೀರು, ದಡದ ಹುಲ್ಲಿನ ತುದಿ. ಆಮೇಲೆ ಬೂದು.

ಕೆಳಗಿನ ಕಾಲು ಭಾಗ ಪೂರಾ ಬೂದು. ಬಣ್ಣ ಹೊಡೆಯದ ಗೋಡೆಯ ಹಾಗೆ.

"ಅಕ್ಷರ ಮುಗಿದೋಗಿದೆ, ಅದಕ್ಕೇ" ಎಂದಳು ಜಬೀನ್. "ಚಿತ್ರ ಮೇಲಿಂದ ಕೆಳಗೆ ಬರುತ್ತೆ. ಎಷ್ಟು ಅಕ್ಷರ ಇದ್ಯೋ ಅಷ್ಟೇ ಕಾಣ್ಸೋದು. ಸಾಮಾನ್ಯವಾಗಿ ಕೊನೇಲಿ ಇಸ್‌ಈಕ್ವಲ್‌ಟು ಗುರುತು ಬರುತ್ತೆ, ಇಲ್ಲಿ ಬಂದಿಲ್ಲ. ಇನ್ನೊಂದು ಪುಟ ಇದೆ ಅಬ್ಬಾ."

ಇನ್ನೊಂದು ಪುಟ ಇದೆ. ಬ್ಯಾಟ, ನೀನು ಅದನ್ನು ಇಟ್ಟುಕೊಂಡಿದ್ದೀಯ. ಡಾರ್ಕ್‌ರೂಮಿನಲ್ಲಿ ಕತ್ತರಿಸಿದ ಜಾಗಕ್ಕೇ ಸರಿಯಾಗಿ ಇಲ್ಲೂ ಕತ್ತರಿಸಿದ್ದೀಯ. ಮುಟ್ಟಿಲ್ಲ, ಮುಟ್ಟಲು ಬರುವುದಿಲ್ಲ ಎಂದು ಬೇರೆ ಬರೆದಿದ್ದೀಯ. ಐದು ದಿನ ನನ್ನ ಬೆನ್ನು ಮುರಿದು, ನನ್ನ ಟೋಪಿಯ ನೆರಳು ಬರುವ ಹೊತ್ತಿಗೆ ಬೂದಿ ಎರಚಿದೆ.

ನವೆಂಬರ್ ಒಂದಕ್ಕೆ ಆ ಅಪಾರ್ಟ್‌ಮೆಂಟಿನವರ ರಾಜ್ಯೋತ್ಸವದಲ್ಲಿ ನಿನಗೆ ಸನ್ಮಾನ ಅಂತೆ. ಶಾಲು, ಹಾರ, ಹಣ್ಣಿನ ಬುಟ್ಟಿ. ನನ್ನ ನೆಂಟರೇ ಕರಪತ್ರ ತೋರಿಸಿದರು. ಅಷ್ಟರೊಳಗೆ ನಾಲ್ಕನೇ ಪುಟ ಬರಬೇಕು. ಬಾರದಿದ್ದರೆ ನಾನು ಬರುತ್ತೇನೆ. ಮೊದಲ ಸಾಲಿನಲ್ಲಿ ಕೂರುತ್ತೇನೆ, ಹಾರ ನಿನ್ನ ಕೊರಳಿಗೆ ಬೀಳುವ ಮೊದಲು ಎದ್ದು ನಿಲ್ಲುತ್ತೇನೆ, ಮೈಕ್ ಕೇಳುತ್ತೇನೆ.

ಗಯಾಸ್

*

ಅಂಚೆ ಕಾರ್ಡು
೧೨ ಅಕ್ಟೋಬರ್ ೨೦೨೫

ಬ್ಯಾಟ,

ಹದಿಮೂರು ದಿನವಾಯಿತು. ಈ ಕಾರ್ಡನ್ನು ನಿಮ್ಮ ಪೋಸ್ಟ್‌ಮನ್ ಓದಲಿ ಎಂದೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ: ಪೋಸ್ಟ್‌ಮನ್ ಸ್ವಾಮಿ, ಈ ವಿಳಾಸದಲ್ಲಿರುವವರು ಒಬ್ಬರ ನೆರಳನ್ನು ಕದ್ದಿದ್ದಾರೆ.

ಗಯಾಸ್

*

ಶ್ರೀ

ಯಲಹಂಕ ಹಳೇ ಪೇಟೆ
೧೯ ಅಕ್ಟೋಬರ್ ೨೦೨೫

ಗಯಾಸು,

ಪೋಸ್ಟ್‌ಮನ್ ಓದಿದ. "ಏನ್ ಸಾರ್, ಯಾರ್ ನೆರಳು?" ಅಂದ. ಕೃಷ್ಣಮ್ಮ, "ಇವರಿಬ್ರದೂ ಇಂಗೆ, ನೀನು ಟೀ ಕುಡ್ಕೊಂಡ್ ಓಗಪ್ಪ" ಅಂತ ಕೂರಿಸಿದಳು.

ನಾಲ್ಕನೇ ಪುಟ ಇದರಲ್ಲಿದೆ, ಬೇರೆ ಕವರಿನಲ್ಲಿ, ಅಂಟಿಸಿ. ಕೊನೆಯಲ್ಲಿ ಎರಡು ಸಮಚಿಹ್ನೆ ಇದೆ. ಒಬ್ಬನೇ ಇದ್ದಾಗ ಟೈಪ್ ಮಾಡು. ಜಬೀನ್ ಮುಂದೆ ಬೇಡ. ನೋಡಿದ ಮೇಲೆ ಪುಟ ಮುಚ್ಚಿಬಿಟ್ಟರೆ ಯಾರಿಗೂ ಸಿಗುವುದಿಲ್ಲ. ಅದು ಎಲ್ಲಿಗೂ ಹೋಗಿರುವುದಿಲ್ಲ.

ಇನ್ನು ನೀನು ಕೇಳಿದ ಪ್ರಶ್ನೆ, ಗೆರೆ ಉದ್ದ ಸಾಲಲಿಲ್ಲವೇ ಅಂತ. ಉತ್ತರ ಬರೆಯಲು ಎರಡು ತಿಂಗಳು ಬೇಕಾಯಿತು.

ಎಮ್ಮೆಯ ಪ್ರಿಂಟನ್ನು ಶೋಕೇಸಿನಲ್ಲಿ ಇಟ್ಟ ಮೊದಲ ವರ್ಷ. ರೈಲ್ವೆಯವರೊಬ್ಬರು ಪಾಸ್‌ಪೋರ್ಟ್ ಫೋಟೋಗೆ ಬಂದಿದ್ದರು. "ಇದನ್ನ ತೆಗ್ದಿದ್ದು ಯಾರ್ರೀ?" ಅಂತ ಕೇಳಿದರು. ನೀನು "ನಾನೇ ಸಾರ್" ಅಂದೆ. ನಾನು ಡಾರ್ಕ್‌ರೂಮಿನ ಕಪ್ಪು ಪರದೆಯ ಹಿಂದೆ ಇದ್ದೆ, ಕೈಯಲ್ಲಿ ಒದ್ದೆ ಪ್ರಿಂಟು ಇತ್ತು. ಹೊರಗೆ ಬರಬಹುದಿತ್ತು. ಪರದೆ ತೆಗೆದರೆ ಬೆಳಕು ಬಿದ್ದು ಪ್ರಿಂಟು ಹಾಳಾಗುತ್ತದೆ ಅಂತ ಬರಲಿಲ್ಲ. ಆ ಕಾರಣ ಆ ಒಂದು ದಿನಕ್ಕೆ ಸರಿ. ಮಿಕ್ಕ ಇಪ್ಪತ್ತೈದು ವರ್ಷಕ್ಕೆ ನನ್ನ ಹತ್ತಿರ ಕಾರಣ ಇಲ್ಲ.

ನೀನು ಬೇಕಂತ ಹೇಳಿದೆಯೋ, ಮರೆತು ಹೇಳಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೊದಲು ಒಂದು ಗಂಟೆ ನಿಂತೆ ಅನ್ನುತ್ತಿದ್ದೆ. ಆಮೇಲೆ ಎರಡಾಯಿತು. ನನ್ನ ಮಗಳ ಮದುವೆಯ ಹೊತ್ತಿಗೆ ಮೂರಾಯಿತು. ನಾನು ಪಾಯಸ ಕುಡಿದೆ, ನಿಜ. ಬೇರೇನು ಮಾಡಬೇಕಿತ್ತು?

ಈ ವಯಸ್ಸಿಗೆ ಒಂದು ಫಾರಂ ಬಂತು. ಒಂದು ಗೆರೆ ಇತ್ತು. ಒಂದೇ ಹೆಸರು ಬರೆದೆ.

ಬ್ಯಾಟರಾಯಪ್ಪ

*

ಶ್ರೀ

ಯಲಹಂಕ ಹಳೇ ಪೇಟೆ
೫ ನವೆಂಬರ್ ೨೦೨೫

ಗಯಾಸು,

ನೀನು ಬರಲಿಲ್ಲ. ಮೊದಲ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇಡಿಸಿದ್ದೆ. ಅದರಲ್ಲಿ ಯಾರೋ ಹಣ್ಣಿನ ಬುಟ್ಟಿ ಇಟ್ಟರು.

ಶಾಲು ಹೊದಿಸಿದರು. ಆಮೇಲೆ ಮೈಕ್ ಕೊಟ್ಟು, ಆ ಚಿತ್ರ ಹೇಗೆ ತೆಗೆದಿರಿ, ಎರಡು ಮಾತು ಹೇಳಿ ಅಂದರು. ಹೇಳಿದೆ. ಎಮ್ಮೆ ಆ ಕಡೆ ತಿರುಗಿಕೊಂಡು ನಿಂತಿತ್ತು, ನಾನು ನೀರಿಗೆ ಇಳಿದು ಹುಶ್ ಅಂದೆ, ಅದು ತಿರುಗಿತು, ದಡಕ್ಕೆ ಬಂದು ಒತ್ತಿದೆ. ಎಲ್ಲ ಸೇರಿ ಮೂರು ನಿಮಿಷ. ಹಿಂದಿನಿಂದ ಒಬ್ಬರು, "ಇಷ್ಟೇನಾ?" ಅಂದರು.

ಹಳೇ ಪೇಟೆಯಿಂದ ಬಂದಿದ್ದ ಒಬ್ಬಾಕೆ ಎದ್ದು, "ಜಿಗಣೆ ಕಚ್ಚಿದ್ದು ನಿಜಾನಾ ಸಾರ್?" ಅಂತ ಕೇಳಿದರು. ನಿಜ ಅಂದೆ. ಆಗ ಚಪ್ಪಾಳೆ ಹೊಡೆದರು. ಯಾರಿಗೆ ಕಚ್ಚಿತು ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ಎಮ್ಮೆಯ ಕಥೆ ನೀನು ಹೇಳಿದರೇ ಚೆಂದ.

ನಾಲ್ಕನೇ ಪುಟ ತಲುಪಿತೋ ಇಲ್ಲವೋ ಅಷ್ಟು ಬರಿ.

ಬ್ಯಾಟ

*

೭೮೬

ಆರ್.ಟಿ. ನಗರ
೨೪ ನವೆಂಬರ್ ೨೦೨೫

ಬ್ಯಾಟ,

ತಲುಪಿತು.

ಜಬೀನ್ ಶಾಲೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂತೆ. ನನಗೆ ತಾಳ್ಮೆ ಇರಲಿಲ್ಲ, ಹತ್ತು ಸಾಲಿಗೊಮ್ಮೆ ಬಟನ್ ಒತ್ತಿದೆ. ಮೊದಲು ಹುಲ್ಲು ಬಂತು. ಆಮೇಲೆ ನಮ್ಮ ಸ್ಕೂಟರಿನ ಚಕ್ರ ಬಂತು. ಆಮೇಲೆ ನನ್ನ ಟೋಪಿ ಬಂತು. ನಾನು ಹೇಳಿದ್ದೆನಲ್ಲ, ಟೋಪಿ ಸುಳ್ಳು ಹೇಳುವುದಿಲ್ಲ ಎಂದು. ಹೇಳಲಿಲ್ಲ. ಅದು ನೆರಳಾಗಿ ಬರಲಿಲ್ಲ, ಟೋಪಿಯಾಗಿಯೇ ಬಂತು. ಮುಂದಿನ ಹತ್ತು ಸಾಲಿಗೆ ಅದರ ಕೆಳಗೆ ನನ್ನ ಮುಖ ಬಂತು.

ಸ್ಕೂಟರಿಗೆ ತಲೆಯಾನಿಸಿ, ಕಾಲು ಚಾಚಿ, ಬಾಯಿ ತೆರೆದು ಮಲಗಿದ್ದೇನೆ. ಇಡೀ ಹೆಸರಘಟ್ಟ ಕೆರೆಯ ಗಾಳಿಯನ್ನು ಒಬ್ಬನೇ ಕುಡಿಯುವವನ ಹಾಗೆ. ನನ್ನ ಮೇಲಿನಿಂದ ನೀನು ಎಮ್ಮೆಯನ್ನು ಹಿಡಿದಿದ್ದೀಯ.

ಕೊನೆಯ ಎರಡು ಗುರುತು ಹಾಕುವವರೆಗೂ ಇನ್ನೇನಾದರೂ ಬದಲಾಗಬಹುದು ಎಂದುಕೊಂಡಿದ್ದೆ.

ಆ ದಿನ ನೆನಪಾಯಿತು. ಜಬೀನ್ ಹುಟ್ಟಿ ನಾಲ್ಕು ದಿನ, ಮೂರು ರಾತ್ರಿ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದೆ. ನೀನೇ ಬಲವಂತವಾಗಿ ಸ್ಕೂಟರ್ ಹತ್ತಿಸಿಕೊಂಡು, "ಗಾಳಿ ಕುಡಿಯೋಣ ಬಾ" ಎಂದು ಕರೆದುಕೊಂಡು ಹೋಗಿದ್ದೆ. ಇಷ್ಟು ನೆನಪಿದ್ದವನಿಗೆ ನಿದ್ದೆ ಹೋದದ್ದು ಮಾತ್ರ ಹೇಗೆ ನೆನಪಿಲ್ಲ ಎಂದು ಕೇಳಬೇಡ. ನಿದ್ದೆ ಮಾಡಿದವನಿಗೆ ನಿದ್ದೆ ಗೊತ್ತಿರುವುದಿಲ್ಲ. ಶೋಕೇಸಿನ ಆ ಚಿತ್ರವನ್ನು ದಿನಾ ಒರೆಸಿ ಒರೆಸಿ, ಒರೆಸಿದವನೇ ತೆಗೆದವನು ಎನಿಸಿಬಿಟ್ಟಿತು.

ಈಗ ನನ್ನ ಸರದಿ, ಕೇಳು. ನೀನು ಮೊಡವೆ ತಿದ್ದಿದೆ, ಕೋರೆಹಲ್ಲು ತಿದ್ದಿದೆ, ಮಾಲುಗಣ್ಣು ತಿದ್ದಿದೆ. ಊರಿನವರ ಮುಖವನ್ನೆಲ್ಲ ತಿದ್ದಿದವನು ನನ್ನನ್ನು ಮಾತ್ರ ತಿದ್ದಲಿಲ್ಲ. "ಗಯಾಸು, ನೀನಲ್ಲ ಕಣೋ, ನಾನು" ಎಂದು ಆವತ್ತೇ ಟೀ ಕುಡಿಯುವಾಗ ಹೇಳಿದ್ದರೆ ಮುಗಿಯುತ್ತಿತ್ತು. ಒಂದು ವಾರ ನಗುತ್ತಿದ್ದೆವು. ನೀನು ಹೇಳಲಿಲ್ಲ. ನನ್ನ ಬಾಯಿ ತೆರೆದ ಮುಖವನ್ನು ಕತ್ತರಿಸಿ, ನನ್ನ ಸುಳ್ಳಿಗೆ ಚೌಕಟ್ಟು ಹಾಕಿ, ಶೋಕೇಸಿನಲ್ಲಿಟ್ಟು, ನಾನು ಗಿರಾಕಿಗಳ ಮುಂದೆ ಗಂಟೆಗಳನ್ನು ಏರಿಸುತ್ತಾ ಹೋದಾಗೆಲ್ಲ ಪರದೆಯ ಹಿಂದೆ ನಿಂತು ಕೇಳಿಸಿಕೊಂಡೆ. ನನ್ನ ಮಾನ ಉಳಿಸಿದೆ ಎಂದುಕೊಂಡಿರುತ್ತೀಯ. ನನಗೆ ಅನಿಸುವುದು ಬೇರೆ. ಇಪ್ಪತ್ತೈದು ವರ್ಷ ನನ್ನ ಪಕ್ಕದಲ್ಲಿ ಕೂತವನು ನನ್ನ ಗೆಳೆಯನೋ, ನನ್ನ ನಾಟಕಕ್ಕೆ ಟಿಕೆಟ್ ತೆಗೆದುಕೊಂಡವನೋ? ನಾನು ಮಾಡಿದ್ದು ಕಳ್ಳತನ, ಒಪ್ಪುತ್ತೇನೆ. ಆದರೆ ಕಳ್ಳನಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ರಾಜ್ಯೋತ್ಸವದ ದಿನ ಬಸ್ ಹತ್ತಿದ್ದೆ. ಹೆಬ್ಬಾಳದಲ್ಲಿ ಇಳಿದು ವಾಪಸ್ ಬಂದೆ.

ಆಮೇಲೆ ನನ್ನ ಪಾಲಿನ ನೆಗೆಟಿವ್ ಡಬ್ಬಿ ತೆಗೆದೆ. ಸ್ಟುಡಿಯೋ ಮುಚ್ಚಿದ ಮೇಲೆ ಏಳು ವರ್ಷದಿಂದ ಮುಟ್ಟಿರಲಿಲ್ಲ. ಆ ರೋಲಿನ ನಾಲ್ಕರಿಂದ ಆರು ನಿನ್ನ ಪಾಲು, ಎಮ್ಮೆ ಆರನೆಯದು. ಏಳರಿಂದ ಒಂಬತ್ತು ನನ್ನ ಡಬ್ಬಿಯಲ್ಲಿದೆ. ಏಳನೆಯದನ್ನು ಕಿಟಕಿಗೆ ಹಿಡಿದು ನೋಡಿದೆ. ಅದನ್ನು ತೆಗೆದದ್ದು ನಾನೇ. ಈ ಸಲ ಅನುಮಾನವೇ ಇಲ್ಲ, ಯಾಕೆಂದರೆ ಚಿತ್ರದ ಅರ್ಧ ಭಾಗ ನನ್ನ ಹೆಬ್ಬೆರಳು. ನಮ್ಮ ಆ ಕ್ಯಾಮೆರಾಗೆ ನೋಡುವ ಕಣ್ಣು ಮೇಲೆ, ಚಿತ್ರ ಹಿಡಿಯುವ ಕಣ್ಣು ಕೆಳಗೆ. ಮೇಲಿನದರಲ್ಲಿ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಕೆಳಗಿನದಕ್ಕೆ ನಾನೇ ಬೆರಳು ಅಡ್ಡ ಇಟ್ಟಿದ್ದೆ.

ಮಿಕ್ಕ ಅರ್ಧದಲ್ಲಿ ನೀನಿದ್ದೀಯ. ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಒಂದು ಕಾಲೆತ್ತಿ ನಿಂತು, ಮೀನಖಂಡದಿಂದ ಏನನ್ನೋ ಕೀಳುತ್ತಿದ್ದೀಯ. ಜಬೀನಳ ಕೈಯಲ್ಲಿ ದೊಡ್ಡದು ಮಾಡಿಸಿ ನೋಡಿದೆ. ಜಿಗಣೆ. ನಿನ್ನ ಕೂಗಿಗೇ ನನಗೆ ಎಚ್ಚರವಾಗಿರಬೇಕು.

ನೀನು ಅದನ್ನೂ ಹೇಳಲಿಲ್ಲ. ಎಮ್ಮೆ ಹೋಗಲಿ, ಜಿಗಣೆಯನ್ನಾದರೂ ವಾಪಸ್ ಕೇಳಬಾರದಿತ್ತೇನೋ?

ಜಬೀನಳಿಗೆ ಎಲ್ಲ ಹೇಳಿದೆ. ನಾಲ್ಕನೇ ಪುಟವನ್ನೂ ತೋರಿಸಿದೆ. ಈ ಸಲ ನಗಲಿಲ್ಲ. ನಿನ್ನ ನಂಬರಿನ ಬ್ಲಾಕ್ ತೆಗೆಯುವುದು ಹೇಗೆಂದು ಹೇಳಿಕೊಟ್ಟಿದ್ದಾಳೆ. ಬಹಳ ಸುಲಭ, ಎರಡು ಕಡೆ ಒತ್ತಿದರೆ ಆಯಿತು. ನಾನು ಇನ್ನೂ ಒತ್ತಿಲ್ಲ.

ಏಳನೆಯ ಚಿತ್ರವನ್ನು ಅಕ್ಷರ ಮಾಡಿಸಿ ಇದರೊಳಗೆ ಇಟ್ಟಿದ್ದೇನೆ, ಐದು ಪುಟ. ನೀನೂ ಕೂತು ಟೈಪ್ ಮಾಡು, ಬೆನ್ನು ನೋಯಲಿ. ಯಾರಾದರೂ ಫಾರಂ ತಂದರೆ ಈ ಚಿತ್ರಕ್ಕೆ ನನ್ನ ಹೆಸರು ಬರೆ, ಒಂದೇ ಹೆಸರು ಸಾಕು. ಐದನೇ ಪುಟದ ಕೊನೆಯಲ್ಲಿ ಎರಡು ಸಮಚಿಹ್ನೆ ಇದೆ, ನೋಡಿಕೊ. ನಾನು ಯಾವ ಪುಟವನ್ನೂ ಇಟ್ಟುಕೊಂಡಿಲ್ಲ.

ಗಯಾಸ್